ಉಪಗ್ರಹದ ತಪ್ಪು ತಿದ್ದಿದ ಅಳಿಯ

ನಾನು ಶ್ರೀರಂಗಪಟ್ಟಣದ ಒಂದು ಕಾಲೇಜಿನಲ್ಲಿ ಭೂಗೋಳ ಪಾಠ ಹೇಳುವವನು. ಮನೆ ಗಂಜಾಂನಲ್ಲಿ. ವರ್ಷಗಟ್ಟಲೆ ಮಕ್ಕಳಿಗೆ ಅಕ್ಷಾಂಶ, ರೇಖಾಂಶ ಕಲಿಸಿದ ಫಲವಾಗಿ, ಭೂಮಿಯ ಮೇಲೆ ಯಾವುದು ಎಲ್ಲಿದೆ ಎಂಬ ವಿಷಯದಲ್ಲಿ ನನ್ನ ಮಾತೇ ಕೊನೆಯ ಮಾತು ಎಂಬ ನಂಬಿಕೆ ನನ್ನೊಳಗೆ ಚೆನ್ನಾಗಿ ಬೇರುಬಿಟ್ಟಿತ್ತು.

ಹೋದ ಬೇಸಿಗೆ ರಜೆಯಲ್ಲಿ ಹಣ್ಣಿನ ಬೆಳೆಯ ಯೋಜನೆಯೊಂದರವರು ನನ್ನನ್ನು ಕರೆದರು. ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್.ಪೇಟೆ, ನಾಗಮಂಗಲ, ಈ ನಾಲ್ಕು ತಾಲ್ಲೂಕುಗಳಲ್ಲಿ ಮಾವು, ಸಪೋಟ, ಸೀಬೆ ತೋಟಗಳು ಎಲ್ಲೆಲ್ಲಿವೆ ಎಂದು ಉಪಗ್ರಹದ ಚಿತ್ರಗಳಿಂದ ನಕ್ಷೆ ಮಾಡಿಸಿದ್ದರು. ತೋಟಗಳು ಎಲ್ಲಿ ಹೆಚ್ಚಿವೆಯೋ ಅಲ್ಲಿ ಹಣ್ಣು ಕೂಡಿಟ್ಟು, ಮಾಗಿಸಿ, ತಂಪಿನಲ್ಲಿಡುವ ಕೇಂದ್ರವೊಂದನ್ನು ಕಟ್ಟುವ ಆಲೋಚನೆ. ಉಪಗ್ರಹವು ಒಂದೊಂದು ಬೆಳೆಗೆ ಒಂದೊಂದು ಬಣ್ಣ ಬಳಿದಿತ್ತು. ಮಾವಿಗೆ ಕಿತ್ತಳೆ, ಕಬ್ಬಿಗೆ ತಿಳಿಹಸಿರು. ಅದು ಬಳಿದದ್ದು ಸರಿಯೇ ಎಂದು ಸ್ಥಳಕ್ಕೇ ಹೋಗಿ ನೋಡಿ, ಫೋಟೋ ತೆಗೆದು, ಒಪ್ಪಿಗೆ ಹಾಕುವುದು ನನ್ನ ಕೆಲಸ. ನನ್ನ ಮಾವನ ಊರು ಬೂಕನಕೆರೆಯ ಪಕ್ಕದಲ್ಲೇ ಇದ್ದುದರಿಂದ ಆ ಕಡೆಯ ಭಾಗ ನನಗೆ ಬಂತು.

ನಕ್ಷೆ ಫೋನಿಗೆ ಬಂದ ಕೂಡಲೇ ಯಾವ ಅಳಿಯನೂ ಮಾಡುವುದನ್ನೇ ನಾನೂ ಮಾಡಿದೆ. ಮಾವನ ಮಾವಿನ ತೋಟ ಎಲ್ಲಿದೆ ಎಂದು ಹುಡುಕಿದೆ. ನಾಲೆ ಸಿಕ್ಕಿತು, ಬಾವಿ ಸಿಕ್ಕಿತು. ಬಾವಿಯ ಸುತ್ತ ಬಣ್ಣ ತಿಳಿಹಸಿರು.

"ಸವಿತಾ, ಬಾ ಇಲ್ಲಿ," ಎಂದು ಹೆಂಡತಿಯನ್ನು ಕೂಗಿದೆ. "ನಿಮ್ಮಪ್ಪನ ಮಾವಿನ ತೋಟಾನ ಕಬ್ಬಿನ ಗದ್ದೆ ಅಂತ ಬರೆದವ್ರೆ."

"ಯಾರು ಬರೆದಿರೋದು?"

"ಉಪಗ್ರಹ."

"ಅದ್ಕೇನ್ ಗೊತ್ತು? ಹೋದ್ವಾರ ಬಂದ ಬುಟ್ಟಿ ತೋರ್ಸಿ ಅದಕ್ಕೆ."

ಬುಟ್ಟಿ ಅಡುಗೆಮನೆಯ ಮೂಲೆಯಲ್ಲೇ ಇತ್ತು. ಪ್ರತಿ ಬೇಸಿಗೆಯಲ್ಲೂ ಮಾವ ಒಂದು ಬುಟ್ಟಿ ರಸಪುರಿಯನ್ನು ಹುಲ್ಲಿನಲ್ಲಿಟ್ಟು, ತಾವೇ ಬಸ್ಸಿನಲ್ಲಿ ತಂದು, ಮಗಳ ಕೈಗೆ ಕೊಟ್ಟು, ಒಂದು ಲೋಟ ಮಜ್ಜಿಗೆ ಕುಡಿದು ಹೊರಡುತ್ತಿದ್ದರು. ಈಚಿನ ಮೂರು ವರ್ಷದಿಂದ ಹಣ್ಣಿನ ರುಚಿ ಸ್ವಲ್ಪ ಬೇರೆಯಾಗಿತ್ತು, ನಿಜ. ಒಂದು ವರ್ಷ ನಾರು, ಇನ್ನೊಂದು ವರ್ಷ ಹುಳಿ. ಮಳೆಯ ಹಂಚಿಕೆ ಬದಲಾದರೆ ಹಣ್ಣಿನ ರುಚಿ ಹೇಗೆ ಬದಲಾಗುತ್ತದೆ ಎಂದು ನಾನು ಸವಿತಾಳಿಗೆ ಊಟದ ನಡುವೆ ದೀರ್ಘವಾಗಿ ವಿವರಿಸಿದ್ದೆ. ಅವಳು ಕೇಳುತ್ತಾ ಓಟೆ ಚೀಪುತ್ತಿದ್ದಳು.

ಹಬ್ಬಕ್ಕೆ ಊರಿಗೆ ಹೋದರೂ ನಾವು ಮನೆಯಲ್ಲೇ ಉಂಡು ಬರುತ್ತಿದ್ದೆವು, ದೂರದ ತೋಟದ ಕಡೆ ಕಾಲಿಟ್ಟು ವರ್ಷಗಳಾಗಿದ್ದವು. ಆದರೂ ಸ್ಥಳಕ್ಕೆ ಹೋಗುವ ಅಗತ್ಯವಾದರೂ ಏನು? ಉಪಗ್ರಹ ದೂರದಿಂದ ನೋಡಿದೆ, ನಾನು ತಿಂದಿದ್ದೇನೆ. ತಿಳಿಹಸಿರನ್ನು ಅಳಿಸಿ ಕಿತ್ತಳೆ ಬಳಿದೆ. ಷರಾ ಎಂಬ ಜಾಗದಲ್ಲಿ, "ಬಲಿತ ಮಾವಿನ ತೋಟ. ಉತ್ತಮ ಫಸಲು. ಸ್ವತಃ ಪರಿಶೀಲಿಸಲಾಗಿದೆ" ಎಂದು ಬರೆದೆ. ನಾಲಿಗೆಯಿಂದ ಪರಿಶೀಲಿಸಿದ್ದು ಎಂದು ಬರೆಯಲು ಜಾಗವಿರಲಿಲ್ಲ.

ಫೋಟೋ ಬೇಕೆಂದಿತು ಫೋನು. ಮದುವೆಯಾದ ಹೊಸತರಲ್ಲಿ ಸವಿತಾಳೂ ನಾನೂ ಅದೇ ತೋಟದ ಮರದ ಕೆಳಗೆ ನಿಂತು ತೆಗೆಸಿಕೊಂಡ ಫೋಟೋ ಇತ್ತು. ನಮ್ಮಿಬ್ಬರನ್ನೂ ಕತ್ತರಿಸಿ ಮರವನ್ನು ಮಾತ್ರ ಕಳಿಸಿದೆ. ಎಷ್ಟು ಕತ್ತರಿಸಿದರೂ ನನ್ನ ಮೊಣಕೈ ಒಂದು ಉಳಿದುಕೊಂಡಿತು.

ಅಲ್ಲಿಗೆ ನಿಲ್ಲಿಸಬೇಕಿತ್ತು. ಆದರೆ ವಿದ್ಯಾವಂತನ ತಲೆ ಅಷ್ಟು ಬೇಗ ನಿಲ್ಲುವುದಿಲ್ಲ. ಈ ಒಂದು ತೋಟದಲ್ಲಿ ತಪ್ಪಿದ ಉಪಗ್ರಹ ಅಕ್ಕಪಕ್ಕದಲ್ಲಿ ಮಾತ್ರ ಸರಿಯಾಗಿ ನೋಡಿರುತ್ತದೆಯೇ? ಸುತ್ತಲೂ ಅದೇ ತಿಳಿಹಸಿರು. ಅದೇ ತಪ್ಪು ಅಲ್ಲೂ ಆಗಿದೆ ಎಂದು ತರ್ಕಬದ್ಧವಾಗಿ ತೀರ್ಮಾನಿಸಿ, ಕುಳಿತಲ್ಲಿಂದಲೇ ಆ ಬಯಲಿನಲ್ಲೆಲ್ಲ ಮಾವು ಬೆಳೆದೆ.

ಯೋಜನೆಯ ಮುಖ್ಯಸ್ಥೆ ಒಬ್ಬರು ಮೇಡಂ. ಕಡಿಮೆ ಮಾತಿನವರು. ನನ್ನ ನಕ್ಷೆ ನೋಡಿ ಅವರಿಗೂ ಮಾತು ಬಂತು.

"ಮೇಷ್ಟ್ರೇ, ಕೇಂದ್ರಾನ ನಾಗಮಂಗಲದ ಕಡೆ ಕಟ್ಟೋಣ ಅಂತಿದ್ವಿ. ಬೂಕನಕೆರೆ ಹತ್ರ ಇಷ್ಟು ಮಾವಿರೋದು ನಮ್ಮ ಕಣ್ಣಿಗೇ ಬಿದ್ದಿರಲಿಲ್ಲ."

"ಉಪಗ್ರಹದ ಕಣ್ಣಿಗೂ ಬಿದ್ದಿರಲಿಲ್ಲ ಮೇಡಂ," ಎಂದೆ, ಆದಷ್ಟು ವಿನಯದಿಂದ.

ನಾಗಮಂಗಲದ ಕಡತ ಪಕ್ಕಕ್ಕೆ ಸರಿಯಿತು. ಮೊದಲು ನನ್ನ ಮಾವನ ತೋಟವನ್ನೇ ನೋಡುವುದು ಎಂದಾಯಿತು. ಮಾವನಿಗೆ ಫೋನು ಮಾಡಿದೆ.

"ಮಾವ, ನಾಳೆ ನಮ್ಮ ಮೇಡಂನ ಕರ್ಕೊಂಡು ತೋಟಕ್ಕೆ ಬರ್ತಾ ಇದೀವಿ. ಸವಿತಾನೂ ಬರ್ತಾಳೆ."

"ತ್ವಾಟಕ್ಯಾಕೆ? ಮನೇಗ್ ಬನ್ನಿ. ಕೋಳಿ ಕುಯ್ಸ್ತೀನಿ."

"ತೋಟಾನೇ ನೋಡ್ಬೇಕಂತೆ."

"ದಾರಿ ಸರ್ಯಾಗಿಲ್ಲ. ಗುಂಡಿ ಬಿದ್ದವೆ."

"ಜೀಪಲ್ಲಿ ಬರ್ತೀವಿ ಮಾವ."

"ಆವುಗೀವು ಅವೆ."

"ಮೇಡಂ ಬೂಟ್ಸ್ ಹಾಕೊಂಡೇ ಬರೋದು."

"ಬ್ಯಾಡಿ ಅಳಿಯಂದ್ರೆ," ಎಂದರು ಮಾವ. ದನಿ ತೀರಾ ಕೆಳಗಿತ್ತು. ದೊಡ್ಡ ತೋಟದ ಯಜಮಾನನಿಗೆ ಎಷ್ಟು ಸಂಕೋಚ ಎಂದುಕೊಂಡು ಫೋನಿಟ್ಟೆ.

ಮರುದಿನ ಜೀಪು ಹೊರಟಿತು. ಪಾಂಡವಪುರ ದಾಟಿ ಮುಂದೆ ಹೋದಂತೆ, ಮಾಕವಳ್ಳಿಯ ಸಕ್ಕರೆ ಕಾರ್ಖಾನೆಯ ಕಡೆ ಹೋಗುವ ಕಬ್ಬಿನ ಟ್ರಾಕ್ಟರುಗಳು ಒಂದರ ಹಿಂದೊಂದು ಸಿಕ್ಕವು. "ಈ ಕಡೆ ಸ್ವಲ್ಪ ಕಬ್ಬೂ ಇದೆ ಮೇಡಂ," ಎಂದೆ. ಮೇಡಂ ಟ್ರಾಕ್ಟರುಗಳನ್ನು ಎಣಿಸುತ್ತಿದ್ದರು.

ನಾಲೆಯ ಏರಿಯ ಮೇಲೆ ಜೀಪು ನಿಲ್ಲಿಸಿ ಇಳಿದು ನಡೆದೆವು. ಎರಡೂ ಕಡೆ ಆಳೆತ್ತರದ ಕಬ್ಬು. ಬಾವಿಯ ಹತ್ತಿರ ಬಂದಾಗ ಮೇಡಂ ಫೋನು ನೋಡಿ ನಿಂತರು.

"ಮೇಷ್ಟ್ರೇ, ನೀವು ತಿದ್ದಿದ ನಕ್ಷೆ ಪ್ರಕಾರ ನಾವೀಗ ಮಾವಿನ ತೋಟದ ನಡುವೆ ಇದೀವಿ."

"ಮರ ಒಳಗಡೆ ಇರಬೇಕು ಮೇಡಂ," ಎಂದು ಕಬ್ಬಿನೊಳಗೆ ನುಗ್ಗಿದೆ. ಮಾವಿನ ಮರವನ್ನು ಕಬ್ಬು ಮರೆಮಾಡೀತು ಎಂದು ಭೂಗೋಳದ ಉಪನ್ಯಾಸಕನೊಬ್ಬ ನಂಬಿ ನುಗ್ಗಿದ. ಕಬ್ಬಿನ ಗರಿ ಮುಖ, ಕುತ್ತಿಗೆ, ಕೈ ಎನ್ನದೆ ಗೀರಿತು. ಮರವಿರಲಿ, ಸ್ವಲ್ಪ ಹೊತ್ತಿನಲ್ಲಿ ನಾನೇ ಎಲ್ಲಿದ್ದೇನೆಂದು ತಿಳಿಯದಾಯಿತು. ದಿಕ್ಕು ತಪ್ಪಿ, ಯಾರದೋ ಗದ್ದೆಯಲ್ಲಿ ಹೊರಬಿದ್ದು, ಸುತ್ತು ಹಾಕಿಕೊಂಡು ಬಾವಿಯ ಹತ್ತಿರ ಬಂದಾಗ ಅಂಗಿಯ ತೋಳು ಹರಿದಿತ್ತು.

ಸವಿತಾ ನನ್ನ ಕಡೆ ನೋಡಲಿಲ್ಲ. ಬಾವಿಯ ಕಟ್ಟೆ ಹಿಡಿದು ನಿಂತಿದ್ದಳು. ಅವಳೆದುರು ಹುಲ್ಲಿನ ಹೊರೆ ಇಳಿಸಿಕೊಂಡು ನಿಂತಿದ್ದವಳು ಪುಟ್ಟಮ್ಮ. ಅವಳ ಗಂಡ ಸಣ್ಣಯ್ಯ ಮಾವನ ತೋಟದಲ್ಲಿ ಹಣ್ಣು ಕೀಳುತ್ತಿದ್ದವನು. ಮೂರು ವರ್ಷದ ಕೆಳಗೆ ತೀರಿಕೊಂಡಿದ್ದ. ಜ್ವರದಿಂದ ಎಂದು ಮಾವ ಹೇಳಿದ್ದರು.

"ಮರ ಎಲ್ಲಿ ಪುಟ್ಟಮ್ಮ?" ಎಂದು ಸವಿತಾ ಕೇಳುತ್ತಿದ್ದಳು.

"ನಿಮ್ಮಪ್ಪಾರು ಯೋಳಿಲ್ವಾ ಸವಿತವ್ವ?" ಎಂದು ಪುಟ್ಟಮ್ಮ ಏರಿಯ ಕಡೆ ನೋಡಿದಳು. ಮಾವ ಹೆಗಲ ಟವೆಲ್ಲಿನಿಂದ ಮುಖ ಒರೆಸಿಕೊಳ್ಳುತ್ತಾ ಬರುತ್ತಿದ್ದರು.

"ಗೌಡ್ರೇ, ಇಲ್ಲಿ ಮಾವಿನ ತೋಟ ಇತ್ತಾ?" ಮೇಡಂ ಕೇಳಿದರು.

"ಇತ್ತು ಕಣವ್ವ. ಕಡಿಸ್ಬುಟ್ಟೆ."

"ಯಾಕೆ?"

ಮಾವ ಮಗಳ ಮುಖ ನೋಡಿದರು. ಈಗಲಾದರೂ ನಾನು ಬಾಯಿ ಮುಚ್ಚಿಕೊಂಡಿರಬೇಕಿತ್ತು. "ರೋಗ ಬಂದಿರಬೇಕು ಮೇಡಂ," ಎಂದು ಶುರು ಮಾಡಿದೆ. "ಮಾವಿಗೆ ಬೂದಿರೋಗ ಅಂತ ಒಂದು ಬರುತ್ತೆ. ತೇವಾಂಶ ಹೆಚ್ಚಾದಾಗ..."

"ರೋಗ ಅಲ್ಲ ಸ್ವಾಮಿ," ಎಂದಳು ಪುಟ್ಟಮ್ಮ. "ನಮ್ಮೆಜಮಾನ್ರು ಬಿದ್ದಿದ್ದು ಇಲ್ಲೇಯ. ಈ ಬಾವಿ ಪಕ್ಕದ್ ಮರದಿಂದ."

ಸವಿತಾ ಅಪ್ಪನ ಕಡೆ ತಿರುಗಿದಳು. "ಜ್ವರ ಅಂದಿದ್ಯಲ್ಲಪ್ಪ."

ಮಾವ ಬಾವಿಯ ಕಟ್ಟೆಯ ಮೇಲೆ ಕುಳಿತರು. "ನಿನ್ನ ಬುಟ್ಟಿ ತುಂಬಿತ್ತು ಕಣವ್ವ. ಸಣ್ಣಯ್ಯ ಇಳೀತಿದ್ದ. ತುದೀಲಿ ಇನ್ನೊಂದ್ ನಾಕು ಚೆನ್ನಾಗವೆ, ಕಿತ್ಬುಡ್ಲಾ, ಸವಿತ ತಿಂತದೆ ಅಂತ ನಾನೇ ಮತ್ತೆ ಮರ ಅತ್ತಿಸ್ದೆ." ಟವೆಲ್ಲನ್ನು ಮಡಿಚಿದರು, ಬಿಡಿಸಿದರು. "ಕಡಿಸ್ದೆ ಎಲ್ಲಾವ. ಒಂದೂ ಉಳಿಸ್ಲಿಲ್ಲ. ಅದ್ನ ನಿಂಗೆ ಯೋಳಿದ್ರೆ ಆಮ್ಯಾಕೆ ನೀನು ಮಾವಿನಣ್ಣು ಮುಟ್ತಿದ್ಯಾ?"

"ಮತ್ತೆ ಬುಟ್ಟಿ?"

"ಮೈಸೂರು ಮಾರ್ಕೆಟ್ಟು."

ಬೂಕನಕೆರೆಯಿಂದ ಬರುವವರು ಪಾಂಡವಪುರದ ಕಡೆಯಿಂದ ಬರಬೇಕು. ಮಾವ ಮೂರು ವರ್ಷವೂ ಬುಟ್ಟಿ ಹಿಡಿದು ಇಳಿದದ್ದು ಎದುರು ದಿಕ್ಕಿನ ಮೈಸೂರಿನಿಂದ ಬಂದ ಬಸ್ಸಿನಿಂದ. ಬಸ್‌ಸ್ಟ್ಯಾಂಡಿಗೆ ಹೋಗಿ ಬುಟ್ಟಿ ಇಳಿಸಿಕೊಂಡವನು ನಾನೇ. ದಿಕ್ಕುಗಳ ಪಾಠ ಹೇಳುವವನೂ ನಾನೇ.

ಆ ನೆಲವನ್ನು ಮಾವ ಪುಟ್ಟಮ್ಮನಿಗೇ ಬಿಟ್ಟುಕೊಟ್ಟಿದ್ದರು. ಕಬ್ಬು ಅವಳದು. ಇದನ್ನೂ ಪುಟ್ಟಮ್ಮನೇ ಹೇಳಿದಳು. ಹೇಳಿ, ಸವಿತಾಳ ಕೈ ಹಿಡಿದುಕೊಂಡಳು. "ನೀನೇನ್ ಮಾಡಿದ್ಯವ್ವ. ಅಳ್ಬ್ಯಾಡ ಸುಮ್ಕಿರು," ಎಂದಳು. ಗಂಡನನ್ನು ಕಳೆದುಕೊಂಡವಳು ಸಮಾಧಾನ ಹೇಳುತ್ತಿದ್ದಳು. ನಾನು ಅಂಗಿಯ ಹರಿದ ತೋಳು ಹಿಡಿದುಕೊಂಡು ನಿಂತಿದ್ದೆ.

ಸವಿತಾ ಊರಲ್ಲೇ ಉಳಿದಳು. ಜೀಪಿನಲ್ಲಿ ಹಿಂದಿರುಗುವಾಗ ಮೇಡಂ ಫೋನಿನಲ್ಲಿ ನಾನು ಕಳಿಸಿದ್ದ ಫೋಟೋ ನೋಡುತ್ತಿದ್ದರು. ಪಾಂಡವಪುರದ ಹತ್ತಿರ ಬಂದಾಗ, "ಉಪಗ್ರಹ ಸರಿಯಾಗೇ ಹೇಳಿತ್ತು ಮೇಷ್ಟ್ರೇ," ಎಂದರು.

"ಹೌದು ಮೇಡಂ."

"ಆ ಫೋಟೋದಲ್ಲಿದ್ದ ಮೊಣಕೈ ಯಾರದು?"

"ನನ್ನದು ಮೇಡಂ."

ನಾನು ಬೆಳೆಸಿದ ಮಾವನ್ನೆಲ್ಲ ಬೇರೆಯವರು ಹೋಗಿ ನೋಡಿ ಕಬ್ಬೆಂದು ತಿದ್ದಿದರು. ನನ್ನನ್ನು ಆ ಕೆಲಸದಿಂದ ಬಿಡಿಸಿದರು. ಇದೆಲ್ಲ ಸರಿಹೋಗುವಷ್ಟರಲ್ಲಿ ಮಾವಿನ ಕಾಲ ಮುಗಿದಿತ್ತು. ನಾಗಮಂಗಲದ ಕಡೆಯ ನಿಜವಾದ ತೋಟದವರು ಆ ವರ್ಷವೂ ಹಣ್ಣನ್ನು ದಳ್ಳಾಳಿಗಳು ಕೇಳಿದ ಬೆಲೆಗೇ ಕೊಟ್ಟರಂತೆ. ಕೇಂದ್ರ ಇನ್ನೂ ಕಾಗದದ ಮೇಲೆಯೇ ಇದೆ. ಈ ಭಾಗವನ್ನು ತಮಾಷೆಯಾಗಿ ಹೇಳಲು ಎಷ್ಟೋ ಸಲ ಪ್ರಯತ್ನಿಸಿದ್ದೇನೆ. ಬಂದಿಲ್ಲ.

ಸವಿತಾ ಹಿಂದಿರುಗಿದಾಗ ಅಪ್ಪನನ್ನೂ ಜೊತೆಗೆ ಕರೆತಂದಳು. ಅವರಿಬ್ಬರ ನಡುವೆ ಏನು ಮಾತಾಯಿತೋ ನನಗೆ ತಿಳಿಯದು. ಕೇಳುವ ಮುಖ ನನಗಿರಲಿಲ್ಲ. ಒಂದು ಮಧ್ಯಾಹ್ನ ಊಟವಾದ ಮೇಲೆ ಮಾವ ನನ್ನ ಕಂಪ್ಯೂಟರಿನ ಪಕ್ಕ ಕುರ್ಚಿ ಎಳೆದುಕೊಂಡು ಕುಳಿತರು.

"ಅಳಿಯಂದ್ರೆ, ಅದ್ರಲ್ಲಿ ಮೊದ್ಲಿಂದೂ ಇರ್ತದಂತಲ್ಲ. ತ್ವಾಟ ಇದ್ದಾಗಿಂದು."

ಇರುತ್ತದೆ. ಉಪಗ್ರಹದ ಹಳೆಯ ಚಿತ್ರಗಳನ್ನು ಒಂದೊಂದೇ ವರ್ಷ ಹಿಂದಕ್ಕೆ ಸರಿಸಿದೆ. ತಿಳಿಹಸಿರು ಹೋಗಿ ಬರೀ ಕೆಂಪು ಮಣ್ಣು ಬಂತು. ಇನ್ನೂ ಹಿಂದಕ್ಕೆ ಹೋದಾಗ ಬಾವಿಯ ಸುತ್ತ ಸಾಲುಸಾಲಾಗಿ ಕಡುಹಸಿರು ಬೊಟ್ಟುಗಳು ಎದ್ದವು. ಮಾವ ಕನ್ನಡಕ ಸರಿಮಾಡಿಕೊಂಡು, ಬಾವಿಗೆ ಹತ್ತಿರವಿದ್ದ ಬೊಟ್ಟಿನ ಮೇಲೆ ಬೆರಳಿಟ್ಟರು. ಸವಿತಾ ಒದ್ದೆ ಕೈ ಸೆರಗಿಗೆ ಒರೆಸಿಕೊಳ್ಳುತ್ತಾ ಬಂದು ಅವರ ಹಿಂದೆ ನಿಂತಳು.

"ಇದೇಯ," ಎಂದರು. ತುಂಬಾ ಹೊತ್ತು ನೋಡಿದರು. "ಮ್ಯಾಲಿಂದ ನೋಡುದ್ರೆ ಎತ್ತರವೇ ಗೊತ್ತಾಗಾಕಿಲ್ಲ, ಅಲ್ವಾ?"

"ಗೊತ್ತಾಗುತ್ತೆ ಮಾವ," ಎಂದೆ ನಾನು. "ನೆರಳು ಎಷ್ಟು ಉದ್ದ ಇದೆ ಅಂತ ಅಳೆದು, ಆ ಹೊತ್ತಿಗೆ ಸೂರ್ಯ ಎಲ್ಲಿದ್ದ ಅನ್ನೋದು ಗೊತ್ತಾದ್ರೆ, ಮರದ ಎತ್ತರಾನ..."

"ರೀ," ಎಂದಳು ಸವಿತಾ. ಗದರಲಿಲ್ಲ. ಮೆಲ್ಲಗೇ ಹೇಳಿದಳು. "ಹೋಗಿ ಕಾಫಿಗೆ ನೀರಿಡಿ."

ಎದ್ದು ಅಡುಗೆಮನೆಗೆ ಹೋದೆ. ಆ ವರ್ಷದಲ್ಲಿ ನಾನು ಸರಿಯಾಗಿ ಹೋಗಿ ಮುಟ್ಟಿದ ಸ್ಥಳ ಅದೊಂದೇ.