ರೊಕ್ಕ ಮುಟ್ಟುವವರೆಗೆ ಹೋರಿ ಯಾರದು?

ಭಯಗಳಲ್ಲಿ ಮರ್ಯಾದಸ್ಥ ಭಯ, ಮರ್ಯಾದೆಗೆಟ್ಟ ಭಯ ಎಂದು ಎರಡು ಜಾತಿ. ಹಾವಿಗೆ ಹೆದರುತ್ತೇನೆ, ಸಿಡಿಲಿಗೆ ಹೆದರುತ್ತೇನೆ ಎಂದು ಹೇಳಿಕೊಂಡರೆ ಯಾರೂ ನಗುವುದಿಲ್ಲ. ಕೇಳಿದವರು ತಮ್ಮದೂ ಒಂದು ಹಾವಿನ ಕಥೆ ಸೇರಿಸಿ ನಮ್ಮ ಭಯಕ್ಕೆ ಮಾನ ತಂದುಕೊಡುತ್ತಾರೆ. ನನ್ನದು ಎರಡನೆಯ ಜಾತಿಯದು. ಫೋನಿನಲ್ಲಿ ದುಡ್ಡು ಕಳಿಸಿದ ಮೇಲೆ, ಹೋಯಿತೋ ಇಲ್ಲವೋ ತಿಳಿಯದ ಹೊತ್ತಿನಲ್ಲಿ, ಪರದೆಯ ಮೇಲೆ ಒಂದು ಸಣ್ಣ ಚಕ್ರ ತಿರುಗುತ್ತದಲ್ಲ, ಅದನ್ನು ಕಂಡರೆ ನನ್ನ ಅಂಗೈ ಬೆವರುತ್ತದೆ. ಬೇರೆಯವರು ಆ ಹೊತ್ತಿನಲ್ಲಿ ಕಿವಿ ಕೆರೆದುಕೊಳ್ಳುತ್ತಾರೆ, ಅಂಗಡಿಯವನ ಜೊತೆ ಈ ಸಲದ ತೊಗರಿಯ ಬಗ್ಗೆ ಎರಡು ಮಾತಾಡುತ್ತಾರೆ. ನನಗೆ ಮಾತ್ರ ಆ ಚಕ್ರದ ಎರಡೂ ಬದಿಗೆ ಕೊಂಬು ಕಾಣಿಸುತ್ತದೆ.

ನಾನು ಆಳಂದದ ಒಂದು ಕಾಲೇಜಿನಲ್ಲಿ ವಾಣಿಜ್ಯಶಾಸ್ತ್ರ ಕಲಿಸುತ್ತೇನೆ. ನಮ್ಮ ಪಠ್ಯದಲ್ಲಿ ಒಂದು ಅಧ್ಯಾಯವಿದೆ. ಮಾರಿದ ವಸ್ತುವಿನ ಒಡೆತನ ಮಾರುವವನಿಂದ ಕೊಳ್ಳುವವನಿಗೆ ಯಾವ ಕ್ಷಣದಲ್ಲಿ ದಾಟುತ್ತದೆ ಎಂಬುದು ಅದರ ವಿಷಯ. ಇದನ್ನು ನಾನು ಪ್ರತಿವರ್ಷ ಬಹಳ ಗಂಭೀರವಾಗಿ, ಹಲಗೆಯ ಮೇಲೆ ಗೆರೆ ಎಳೆದು, ಈ ಕಡೆ ಮಾರುವವ, ಆ ಕಡೆ ಕೊಳ್ಳುವವ, ನಡುವೆ ಒಂದು ಹೊಲಿಗೆ ಯಂತ್ರ ಬರೆದು ವಿವರಿಸುತ್ತೇನೆ. ಹೊಲಿಗೆ ಯಂತ್ರ ಒಳ್ಳೆಯ ಉದಾಹರಣೆ. ಒಡೆತನ ದಾಟುವವರೆಗೆ ಅದು ಗೆರೆಯ ಮೇಲೆ ಸುಮ್ಮನೆ ನಿಂತಿರುತ್ತದೆ. ಆ ವಸ್ತುವಿಗೆ ಕಾಲೂ ಕೊಂಬೂ ಇದ್ದರೆ ಏನು ಮಾಡಬೇಕೆಂದು ಯಾವ ವಿದ್ಯಾರ್ಥಿಯೂ ಕೇಳಲಿಲ್ಲ, ಹಾಗಾಗಿ ನಾನೂ ಯೋಚಿಸಿರಲಿಲ್ಲ.

ಯೋಚಿಸುವಂತೆ ಮಾಡಿದವನು ನಮ್ಮ ಶರಣಪ್ಪ ಕಾಕಾ. ಕಾಕಾ ಸರಸಂಬಾದವನು, ನನ್ನ ತಂದೆಯ ತಮ್ಮ. ಆಳಂದ, ಅಫಜಲಪುರ, ಜೇವರ್ಗಿ ಎಂದು ಮೂರೂ ಕಡೆಯ ದನದ ಸಂತೆ ತಿರುಗಿ ಎತ್ತು, ಹೋರಿ ಕೊಂಡು ಮಾರುವುದು ಅವನ ಕಸುಬು. ಒಂದು ದಿನ ನನ್ನ ಮನೆಗೆ ಬಂದು, ಚಹಾದ ಬಸಿ ಕೆಳಗಿಟ್ಟು, "ತಮ್ಮಾ, ಮೊದಲ ಮಂದಿ ನಡಕ್ಕ ರೊಕ್ಕ ಕಟ್ಟಿಕೊಂಡು ಸಂತಿಗಿ ಬರ್ತಿದ್ರು. ಈಗ ಬರೇ ನಡಾ ತಗೊಂಡು ಬರ್ತಾರ," ಎಂದ. ಕೇಳಿದರೆ ದುಡ್ಡು ಫೋನಿನಲ್ಲಿದೆ ಎನ್ನುತ್ತಾರೆ. ಫೋನು ತೆಗೆಯಿರಿ ಎಂದರೆ, ಖಾತೆ ಮನೆಯಾಕೆಯ ಹೆಸರಲ್ಲಿದೆ, ಆ ಫೋನು ಊರಲ್ಲಿದೆ ಎನ್ನುತ್ತಾರೆ. ಅಂಗಡಿಗಳಲ್ಲಿ ಇಡುವಂಥ ಕ್ಯೂಆರ್ ಕೋಡಿನ ರಟ್ಟಿನ ಹಲಗೆಯನ್ನೂ ಕಾಕಾ ಮಾಡಿಸಿ ಗೂಟಕ್ಕೆ ತೂಗುಹಾಕಿದ್ದನಂತೆ. ಒಂದು ಹೋರಿ ಅದರ ಅರ್ಧವನ್ನು ನೆಕ್ಕಿ ನೆಕ್ಕಿ ತಿಂದುಹಾಕಿತು. ಉಳಿದರ್ಧವನ್ನು ಯಾವ ಫೋನೂ ಗುರುತಿಸಲಿಲ್ಲ. ಗುರುತಿಸಿದ್ದರೂ, ಊರಲ್ಲಿ ಕೂತ ಮನೆಯಾಕೆ ಸಂತೆಯ ಗೂಟದ ಫೋಟೋ ಹೊಡೆಯುವುದಾದರೂ ಹೇಗೆ?

ಆಗ ನನ್ನ ವಿದ್ಯೆ ಎದ್ದು ನಿಂತಿತು. "ಲಿಂಕ್ ಕಳಿಸು ಕಾಕಾ," ಎಂದೆ. ಕಾಕಾನ ಫೋನಿನಲ್ಲಿ ಎಲ್ಲ ಏರ್ಪಾಡೂ ಮಾಡಿಕೊಟ್ಟೆ. ಮೊತ್ತ ಹಾಕಿ, ದುಡ್ಡು ಕೊಡುವವರ ನಂಬರು ಹಾಕಿದರೆ ಅವರಿಗೊಂದು ಮೆಸೇಜು ಹೋಗುತ್ತದೆ; ಅದರಲ್ಲಿ ನೀಲಿ ಅಕ್ಷರದ ಒಂದು ಸಾಲಿರುತ್ತದೆ; ಒತ್ತಿ, ತಮ್ಮ ಪಿನ್ ಹಾಕಿದರೆ ದುಡ್ಡು ಕಾಕಾನ ಖಾತೆಗೆ ಬಂದು ಬೀಳುತ್ತದೆ. ಭೂಸನೂರಲ್ಲಿ ಕೂತವರು ಅಫಜಲಪುರದ ಹೋರಿಗೆ ದುಡ್ಡು ಕೊಡಬಹುದು. ಸುರಕ್ಷಿತವಾಗಿರಲೆಂದು ಲಿಂಕಿಗೆ ಹತ್ತು ನಿಮಿಷದ ಆಯುಷ್ಯ ಇಟ್ಟೆ. ದುಡ್ಡು ಬಂದದ್ದು ಸಂತೆಯ ಗದ್ದಲದಲ್ಲೂ ಕೇಳಲೆಂದು ಆ ಮೆಸೇಜಿಗೆ ಬಸ್ಸಿನ ಹಾರನ್ನಿನ ಸದ್ದು ಇಟ್ಟೆ. ಇವೆರಡೂ ನನ್ನ ಸ್ವಂತ ಬುದ್ಧಿ. ಕಾಕಾನ ಲೆಕ್ಕಕ್ಕೆ ಹಚ್ಚಬಾರದು. ಕಾಕಾ ಎಲ್ಲ ಕೇಳಿಸಿಕೊಂಡು, "ಮೊದಲನೇ ಸಲ ನೀ ಬಾ. ಸಾಕ್ಷಿ ಅಂತ ಬರೇ ನಿಂತ್ರ ಸಾಕು," ಎಂದ. ನಿಲ್ಲುವುದು ನನಗೆ ಅಭ್ಯಾಸವಿರುವ ಕೆಲಸ. ಒಪ್ಪಿಕೊಂಡೆ.

ಅಫಜಲಪುರದ ಸಂತೆಗೆ ನಾವು ಹೋದ ದಿನ ಕಾಕಾನ ಬಳಿ ಉಳಿದದ್ದು ಒಂದೇ ಹೋರಿ, ಹೆಸರು ಸರದಾರ. ಬೆಳ್ಳಗೆ, ಎತ್ತರಕ್ಕೆ, ಕಣ್ಣಿಗೆ ಕಾಡಿಗೆ ಹಚ್ಚಿದಂತಿದ್ದ. ಇನ್ನೂ ನೊಗ ಹೊತ್ತಿರಲಿಲ್ಲ. ಹೊರಬೇಕಾದೀತು ಎಂಬ ಗುಮಾನಿಯೂ ಅವನಿಗಿದ್ದಂತಿರಲಿಲ್ಲ. ಇಳಿಹೊತ್ತಿಗೆ ಭೂಸನೂರಿನ ಗುಂಡಪ್ಪ ಎಂಬ ರೈತ ಬಂದು ಸರದಾರನನ್ನು ಮೆಚ್ಚಿದ. ದಲ್ಲಾಳಿ ರುಕ್ಮುದ್ದೀನ್ ಚಾಚಾ ಹೆಗಲ ಟವೆಲ್ಲು ತೆಗೆದ. ಈ ವ್ಯಾಪಾರದಲ್ಲಿ ಬೆಲೆಯನ್ನು ಬಾಯಿಂದ ಆಡುವುದಿಲ್ಲ. ಟವೆಲ್ಲಿನ ಕೆಳಗೆ ಕೈ ತೂರಿಸಿ, ಬೆರಳು ಹಿಡಿದೇ ಚೌಕಾಸಿ. ಸುತ್ತ ನೆರೆದವರಿಗೆ ಕಾಣುವುದು ಟವೆಲ್ಲು ಏಳುವುದು, ಬೀಳುವುದು, ಅಷ್ಟೇ. ಕೊನೆಗೆ ಟವೆಲ್ಲು ಶಾಂತವಾಯಿತು. ಬೆಲೆ ಕುದುರಿತ್ತು. ಈಗ ಅದನ್ನು ಫೋನಿನಲ್ಲಿ ಒತ್ತಬೇಕು. ಹತ್ತು ಜನ ನನ್ನ ಭುಜದ ಮೇಲಿಂದ ಕತ್ತು ಚಾಚಿದರು.

"ತಲೀ ಒಳಗ ಹಾಕ್ರಿ ಸರ," ಎಂದ ಚಾಚಾ, ಟವೆಲ್ಲು ಎತ್ತಿ ಹಿಡಿದು.

ಎಂ.ಕಾಂ. ಓದಿದವನು ಬದುಕಿನಲ್ಲಿ ಎಲ್ಲೆಲ್ಲಿಗೆ ಹೋಗಬಹುದೆಂದು ನಮ್ಮ ಗುರುಗಳು ಒಂದು ಪಟ್ಟಿಯನ್ನೇ ಹೇಳಿದ್ದರು. ಅದರಲ್ಲಿ ಇದು ಇರಲಿಲ್ಲ. ಬೆವರು, ಬೀಡಿ, ಹತ್ತಿಕಾಳಿನ ಹಿಂಡಿಯ ವಾಸನೆಯ ಆ ಕತ್ತಲಲ್ಲಿ ಕಾಕಾ ನನ್ನ ಕಿವಿಗೆ ಮೊತ್ತ ಉಸುರಿದ, ನಾನು ಒತ್ತಿದೆ. ಗುಂಡಪ್ಪನ ಹೆಂಡತಿ ಕಸ್ತೂರಿಬಾಯಿಯ ಫೋನಿಗೆ ಲಿಂಕು ಹೋಯಿತು. ತಲೆ ಹೊರಗೆ ತೆಗೆದಾಗ ಕಾಕಾ ಗೂಟದಿಂದ ಸರದಾರನ ಹಗ್ಗ ಬಿಚ್ಚುತ್ತಿದ್ದ. ಸೌದಾ ಕುದುರಿದೊಡನೆ ಬಿಚ್ಚುವುದು ಪದ್ಧತಿ. ಮೊದಲಾದರೆ ಒಂದು ಕೈಗೆ ರೊಕ್ಕ, ಇನ್ನೊಂದು ಕೈಯಿಂದ ಹಗ್ಗ, ಎರಡೂ ಒಂದೇ ಉಸಿರಿಗೆ ಆಗುತ್ತಿದ್ದವು.

"ಹಿಡಿ ಗುಂಡಪ್ಪ," ಎಂದ ಕಾಕಾ.

ಗುಂಡಪ್ಪ ಎರಡೂ ಕೈ ಹಿಂದೆ ಕಟ್ಟಿಕೊಂಡ. "ರೊಕ್ಕ ಇನ್ನಾ ಮುಟ್ಟಿಲ್ಲಲ್ಲ ಕಾಕಾ. ರೊಕ್ಕ ಕೊಡದ ಹಗ್ಗ ಹಿಡಿದ್ರ ಮಂದಿ ಏನಂದಾರು?"

"ನಾ ಹಿಡಕೊಂಡು ನಿಂತ್ರ ಮಾರಾಕ ಮನಸಿಲ್ಲ ಅಂದಂಗಾತದ."

"ಮತ್ತೆ ಗೂಟಕ್ಕೆ ಕಟ್ಟಿಬಿಡು ಕಾಕಾ," ಎಂದೆ ನಾನು. ಅಕ್ಷತೆ ಬಿದ್ದ ಮೇಲೆ ಮದುಮಗಳನ್ನು ತವರಿಗೆ ಕಳಿಸಿರೆಂದವನನ್ನು ನೋಡುವಂತೆ ನನ್ನನ್ನು ನೋಡಿದರು.

"ಬಿಚ್ಚಿದ ಹೋರಿ ತಿರುಗಿ ಅದೇ ಗೂಟಕ್ಕ ಕಟ್ಟಿದ್ರ ಸೌದಾ ಮುರೀತದ್ರಿ ಸರ," ಎಂದ ಚಾಚಾ.

"ಹಾಗಾದರೆ ನೀವೇ ಹಿಡೀರಿ ಚಾಚಾ."

"ತೋಬಾ! ದಲಾಲಿ ಮಾಡಾಂವ ಹಗ್ಗ ಮುಟ್ಟಬಾರದ್ರಿ. ನಮ್ಮ ಧಂದೇದ ಉಸೂಲ ಅದ."

ಮೂವರೂ ನನ್ನ ಕಡೆ ತಿರುಗಿದರು. ಒಂದು ಕ್ಷಣ ಬಿಟ್ಟು ಸರದಾರನೂ ತಿರುಗಿದ. "ನೀ ಮಾರಾಂವಲ್ಲ, ಕೊಳ್ಳಾಂವಲ್ಲ. ಸಾಕ್ಷಿ ಅದಿ," ಎಂದು ಕಾಕಾ ಹಗ್ಗವನ್ನು ನನ್ನ ಕೈಯಲ್ಲಿಟ್ಟ. ಸಾಕ್ಷಿ ಎಂದರೆ ನೋಡುವವನು ಎಂದು ನಾನು ಅಲ್ಲಿಯವರೆಗೆ ನಂಬಿದ್ದೆ.

ಎಡಗೈಯಲ್ಲಿ ಹೋರಿ, ಬಲಗೈಯಲ್ಲಿ ಕಾಕಾನ ಫೋನು. ಗುಂಡಪ್ಪ ತನ್ನ ಫೋನಿನಿಂದ ಮನೆಗೆ ಕರೆ ಮಾಡಿದ. ಸಂತೆಗೆಲ್ಲ ಕೇಳುವಷ್ಟು ದೊಡ್ಡ ದನಿ ಇಟ್ಟಿದ್ದ.

"ಲಿಂಕ್ ಬಂದದೇನ ಬೇ?"

"ಬಂದದ. ಒತ್ತಂಗಿಲ್ಲ," ಎಂದಳು ಕಸ್ತೂರಿಬಾಯಿ. "ಇಂಥಾವು ಒತ್ತಿದ್ರ ಖಾತೆ ಖಾಲಿ ಆಗ್ತದಂತ ಟೀವ್ಯಾಗ ದಿನಾ ಬಡಕೋತಾರ."

"ನಾ ಹೇಳಾಕತ್ತೇನಿ, ಒತ್ತು!"

"ನೀವ ಅಂತ ನಾ ಹ್ಯಾಂಗ ನಂಬಲಿ? ಈಗ ಮಿಷಿನ್ನು ಮಂದಿ ದನಿ ತಗದು ಮಾತಾಡ್ತದಂತ. ಬೆಳಿಗ್ಗಿ ಬುತ್ತಿಗಿ ಏನ್ ಕಟ್ಟೇನಿ, ಹೇಳ್ರಿ ನೋಡೂನು."

ಆಕೆಯನ್ನು ನಾನು ಮನಸ್ಸಿನಲ್ಲೇ ಮೆಚ್ಚಿದೆ. ಲಿಂಕು ಒತ್ತುವ ಮುಂಚೆ ಕಳಿಸಿದವರು ಯಾರೆಂದು ಖಾತ್ರಿ ಮಾಡಿಕೊಳ್ಳಬೇಕೆಂದು ನಾನೇ ಕಾಲೇಜಿನಲ್ಲಿ ಭಾಷಣ ಮಾಡಿದ್ದೇನೆ. ಆದರೆ ಆ ಭಾಷಣ ಮಾಡುವಾಗ ನನ್ನ ಕುತ್ತಿಗೆಯ ಹಿಂದೆ ಬಿಸಿ ಉಸಿರು ಬಿಡುವವರು ಯಾರೂ ಇರಲಿಲ್ಲ. ಇಲ್ಲಿ ಸರದಾರ ನನ್ನ ಅಂಗಿಯ ಕಾಲರನ್ನು ಮೂಸಿ, ರುಚಿ ನೋಡಿ, ಒಪ್ಪಿಗೆಯಾಗದೆ ತಲೆ ಕೊಡವಿದ. ಕೊಂಬು ನನ್ನ ಕಿವಿಯ ಪಕ್ಕದಲ್ಲಿ ಗಾಳಿ ಸೀಳಿತು.

ಗುಂಡಪ್ಪ ಬೆವರಿದ. "ರೊಟ್ಟಿ... ಪಲ್ಯ..." ಎಂದ.

"ಯಾವ ಪಲ್ಯ?"

ಅವನು ಬುತ್ತಿ ಬಿಚ್ಚಿಯೇ ಇರಲಿಲ್ಲ. ತುಟಿಯ ಅಂಚಿನಲ್ಲಿ ಮಿರ್ಚಿ ಭಜಿಯ ಎಣ್ಣೆ ಇನ್ನೂ ಮಿಂಚುತ್ತಿತ್ತು. ಚಾಚಾ ಓಡಿಹೋಗಿ ಗುಂಡಪ್ಪನ ಮೋಟರ್ ಸೈಕಲ್ಲಿಗೆ ತೂಗುಹಾಕಿದ್ದ ಬುತ್ತಿಯನ್ನು ತಂದು ಬಿಚ್ಚಿ ಅವನ ಮುಖದ ಮುಂದೆ ಹಿಡಿದ.

"ಹೆಸರಬ್ಯಾಳಿ ಪಲ್ಯ!" ಎಂದು ಗುಂಡಪ್ಪ ಕೂಗಿದ.

"ಅಂದ್ರ ಈಗ ಬಿಚ್ಚಿ ನೋಡಿದ್ರಿ. ಹೊತ್ತು ಮುಳಗಾಕ ಬಂತು, ಇನ್ನಾ ಉಂಡಿಲ್ಲ. ಭಜಿ ತಿಂದೀರಿ. ಖರೇನ, ನೀವ ಇದ್ದೀರಿ. ಒತ್ತತೇನಿ," ಎಂದಳು.

ಒತ್ತಿದಳು. ಲಿಂಕಿನ ಅವಧಿ ಮುಗಿದಿದೆ ಎಂದು ಬಂತು. ಹತ್ತು ನಿಮಿಷ ಬುತ್ತಿಯಲ್ಲೇ ಕಳೆದುಹೋಗಿತ್ತು.

ಹೊಸ ಲಿಂಕು ಕಳಿಸಲು ಬರುವುದು ನನಗೊಬ್ಬನಿಗೇ. ಈಗ ಟವೆಲ್ಲು, ಗುಟ್ಟು ಯಾವುದೂ ಬೇಕೆನಿಸಲಿಲ್ಲ. ಎಲ್ಲರ ಕಣ್ಣೆದುರೇ ಬಲಗೈ ಹೆಬ್ಬೆರಳಿನಿಂದ ಒತ್ತತೊಡಗಿದೆ. ಅಷ್ಟರಲ್ಲಿ ಚಾಚಾ ಪಡುವಣದ ಕಡೆ ನೋಡಿ, "ಲಗೂನ ಮಾಡ್ರಿ ಸರ. ಮನಿ ದೀಪ ಹಚ್ಚೋ ಹೊತ್ತಾತು. ದೀಪ ಹಚ್ಚಿದ್ರ ಲಕ್ಷ್ಮೀನ ಹೊರಗ ಕಳಸಂಗಿಲ್ಲ ಅಕ್ಕಾವ್ರು. ಆಮ್ಯಾಲ ಮುಂಜಾನೀನ," ಎಂದ. ಮುಂಜಾನೆಯವರೆಗೆ! ಸರದಾರನೂ ನಾನೂ, ನಡುವೆ ಒಂದು ಮಾರು ಹಗ್ಗ. ಆ ಭಯದಲ್ಲಿ ನಾನು ಯಾರೂ ಮಾಡಬಾರದ ಕೆಲಸ ಮಾಡಿದೆ: ಹಗ್ಗ ಜಾರಬಾರದೆಂದು ಅದನ್ನು ಮುಂಗೈಗೆ ಎರಡು ಸುತ್ತು ಸುತ್ತಿಕೊಂಡೆ.

ಲಿಂಕು ಹೋಯಿತು. "ಒತ್ತೇನಿ," ಎಂದಳು ಕಸ್ತೂರಿಬಾಯಿ. "ತಿರಗಾಕತ್ತದ... ಇನ್ನಾ ತಿರಗಾಕತ್ತದ..."

ಅಲ್ಲಿ ಭೂಸನೂರಿನಲ್ಲಿ ಚಕ್ರ ತಿರುಗುತ್ತಿತ್ತು, ಇಲ್ಲಿ ಸರದಾರ ನನ್ನ ಸುತ್ತ ತಿರುಗುತ್ತಿದ್ದ. ದುಡ್ಡು ಆ ಖಾತೆಯಿಂದ ಹೊರಟಿದೆ, ಈ ಖಾತೆಗೆ ಬಂದಿಲ್ಲ. ಹೋರಿ ಕಾಕಾನದಲ್ಲ, ಗುಂಡಪ್ಪನದೂ ಅಲ್ಲ. ಇಷ್ಟು ವರ್ಷ ಹಲಗೆಯ ಮೇಲೆ ಎಳೆದ ಆ ಗೆರೆಯ ಮೇಲೆ ನಾನು ನಿಂತಿದ್ದೆ. ಗೆರೆ ಬಹಳ ಸಪೂರ.

ಆಗ ನನ್ನ ಬಲಗೈಯಲ್ಲಿ ಬಸ್ಸು ಬಂತು. ಅಂದರೆ, ಅದರ ಹಾರನ್ನು ಬಂತು. ದುಡ್ಡು ಮುಟ್ಟಿತ್ತು.

ಸರದಾರ ಬಸ್ಸಿಗೆ ದಾರಿ ಬಿಡಲು ನಿರ್ಧರಿಸಿದ. ನನ್ನನ್ನೂ ಕರೆದುಕೊಂಡು ಹೊರಟ. ಮೊದಲ ನಾಲ್ಕು ಹೆಜ್ಜೆ ನಾನು ಓಡಿದೆ ಎಂದು ಹೇಳಬಹುದು, ಉಳಿದದ್ದಕ್ಕೆ ಬೇರೆ ಕ್ರಿಯಾಪದ ಬೇಕು. ಒಂದು ಚಪ್ಪಲಿ ಭಜಿಯಂಗಡಿಯ ಹತ್ತಿರ ಉಳಿಯಿತು. ಚಹಾದವನ ಬೆಂಚು ಎದುರಿಗೆ ಬಂತು, ಹಿಂದಕ್ಕೆ ಹೋಯಿತು. ಮುಂದೆ ಕಂಡದ್ದು ನಿಲ್ಲಿಸಿದ್ದ ಟ್ರ್ಯಾಕ್ಟರಿನ ಕಬ್ಬಿಣದ ಗಾಲಿ. ಅದು ನನ್ನ ತಲೆಯ ಎತ್ತರಕ್ಕೇ ಇತ್ತು, ಮತ್ತು ನಾವು ನೇರ ಅದರ ಕಡೆಗೇ ಹೋಗುತ್ತಿದ್ದೆವು. ಈಗಲೂ ಕಣ್ಣು ಮುಚ್ಚಿದರೆ ಆ ಗಾಲಿ ದೊಡ್ಡದಾಗುತ್ತ ಬರುತ್ತದೆ. ಇಷ್ಟೆಲ್ಲದರ ನಡುವೆ ಹಿಂದಿನಿಂದ ಎರಡು ದನಿ ಸ್ಪಷ್ಟವಾಗಿ ಕೇಳಿಸುತ್ತಿದ್ದವು.

"ಗುಂಡಪ್ಪಾ, ನಿನ್ನ ಹೋರಿ ಹೊಂಟದ ನೋಡೋ! ರೊಕ್ಕ ಮುಟ್ಟೇದ!"

"ಹಗ್ಗ ಇನ್ನಾ ನನ್ನ ಕೈಗಿ ಬಂದಿಲ್ಲ ಕಾಕಾ! ನಿನ್ನ ಹೋರಿ, ನೀ ಹಿಡಿ!"

ನಾನು ಯಾರವನು ಎಂದು ಇಬ್ಬರೂ ಕೇಳಲಿಲ್ಲ.

ಗಾಲಿಗೆ ಇನ್ನೊಂದೇ ಮಾರು ಇರುವಾಗ ಸರದಾರ ಎಡಕ್ಕೆ ತಿರುಗಿ ಗಕ್ಕನೆ ನಿಂತ. ಅಲ್ಲಿ ಯಾರೋ ಜೋಳದ ಕಣಿಕಿ ಒಟ್ಟಿದ್ದರು. ನನ್ನನ್ನು ಉಳಿಸಿದ್ದು ದೇವರು ಎಂದು ಮನೆಯಲ್ಲಿ ಹೇಳಿದ್ದೇನೆ; ಸತ್ಯವೆಂದರೆ, ಅದು ಒಂದು ಹೊರೆ ಮೇವು. ಗುಂಡಪ್ಪ ಓಡಿಬಂದು, ಕೊಂಡ ಹೋರಿಯ ಹಗ್ಗವನ್ನು ಬರಿಗೈಯಲ್ಲಿ ಹಿಡಿಯಬಾರದೆಂಬ ಪದ್ಧತಿಯನ್ನು ಏದುಸಿರಿನಲ್ಲೂ ಬಿಡದೆ, ಹೆಗಲ ಶಲ್ಯದ ಸೆರಗು ಚಾಚಿ ಹಗ್ಗ ಕೇಳಿದ. ಕೊಡೋಣವೆಂದರೆ ನನ್ನ ಮುಷ್ಟಿ ಬಿಚ್ಚಲಿಲ್ಲ. ಚಾಚಾ ನನ್ನ ಪಕ್ಕ ಕುಕ್ಕರಗಾಲಲ್ಲಿ ಕೂತು, ಹಟ ಹಿಡಿದ ಕೂಸನ್ನು ರಮಿಸುವಂತೆ, "ಬಿಡ್ರಿ ಸರ, ಪೈಸಾ ಮುಟ್ಟೇದ, ಬಿಡ್ರಿ," ಎನ್ನುತ್ತ ಒಂದೊಂದೇ ಬೆರಳು ಬಿಡಿಸಿದ. ಬೆಲೆ ಹೇಳಲು ಬೆರಳು ಹಿಡಿಯುವ ಆ ಕೈ ಬಿಡಿಸುವುದರಲ್ಲೂ ಪಳಗಿತ್ತು.

ಕಾಕಾ ನನ್ನ ಬೆನ್ನಿನ ಧೂಳು ಕೊಡವಿದ. "ನಿನ್ನ ಲಿಂಕ್ ಭಾಳ ಚಲೋ ಅದ ತಮ್ಮಾ," ಎಂದ. "ರೊಕ್ಕ ಖೋಟಾ ಇರಂಗಿಲ್ಲ, ಎಣಿಸೋ ತ್ರಾಸಿಲ್ಲ. ಹಗ್ಗ ಹಿಡಿಯಾಕ ಒಬ್ಬ ಓದಿದಾಂವ ಇದ್ರ ಆತು. ಮುಂದಿನ ವಾರ ಜೇವರ್ಗಿ ಸಂತಿಗಿ ಬರ್ತಿಯಲ್ಲ?" ಆ ವಾರ ಕಾಲೇಜಿನಲ್ಲಿ ಪರೀಕ್ಷೆ ಇದೆ ಎಂದೆ. ಇರಲಿಲ್ಲ. ಮರುದಿನ ಹೋಗಿ ಆ ವಾರಕ್ಕೇ ಒಂದು ಕಿರುಪರೀಕ್ಷೆ ಇಟ್ಟೆ. ವಿದ್ಯಾರ್ಥಿಗಳಿಗೆ ಕಾರಣ ಇಂದಿಗೂ ತಿಳಿದಿಲ್ಲ.

ಹಗ್ಗ ಉಜ್ಜಿದ ಅಂಗೈಯ ಗಾಯ ಇನ್ನೂ ಪೂರ್ತಿ ಮಾಯ್ದಿಲ್ಲ. ಮೊನ್ನೆ ಆಳಂದದಲ್ಲಿ ಮುಲಾಮು ಕೊಳ್ಳಲು ಔಷಧಿ ಅಂಗಡಿಗೆ ಹೋದೆ. ಅವರೂ ಈಗ ಫೋನಿಗೆ ಲಿಂಕು ಕಳಿಸುತ್ತಾರೆ. ಬಂತು, ಒತ್ತಿದೆ, ಪಿನ್ ಹಾಕಿದೆ. ಚಕ್ರ ತಿರುಗತೊಡಗಿತು. ನಾನು ಪರದೆಯಿಂದ ಕಣ್ಣು ಕೀಳದೆ ನಿಂತಿದ್ದೆ. ಸ್ವಲ್ಪ ಹೊತ್ತಿಗೆ ಮಗ್ಗುಲಲ್ಲಿ ಯಾರೋ ಬಹಳ ಸಂಕೋಚದಿಂದ, "ಸರ, ಜರಾ ಬಿಡ್ರಿ," ಎಂದರು. ತಿರುಗಿ ನೋಡಿದೆ. ಪಾಪ, ಕೆಮ್ಮಿನ ಔಷಧಿಗೆ ಬಂದ ಯಾರೋ ಹಿರಿಯರು. ಅವರ ಶಲ್ಯದ ತುದಿ ನನ್ನ ಎಡಗೈಯ ಮುಷ್ಟಿಯಲ್ಲಿತ್ತು, ಮುಂಗೈಗೆ ಎರಡು ಸುತ್ತು ಸುತ್ತಿತ್ತು. ಕ್ಷಮೆ ಕೇಳಬೇಕೆಂದು ಬಾಯಿ ತೆರೆದೆ. ಬಂದ ಮಾತೇ ಬೇರೆ.

"ರೊಕ್ಕ ಮುಟ್ಟೇದೇನ್ರಿ?"