ಅಟ್ಟದ ಮೇಲೊಂದು ವಿಮಾನ

ನನ್ನ ತಂಗಿ ಮಂಗಳಾಗೆ ವಿಮಾನದ ಭಯ ಬಿಡಿಸುವುದು ಅಂಥ ದೊಡ್ಡ ಕೆಲಸವೇನೂ ಅಲ್ಲ ಎಂದು ನಾನು ತಿಳಿದಿದ್ದೆ. ಮನೆಯಲ್ಲೇ ಒಂದು ವಿಮಾನ ಕಟ್ಟಿಬಿಟ್ಟರೆ ಆಯಿತಲ್ಲ!

ಮಂಗಳಾಗೆ ಹೊಸದಾಗಿ ಮದುವೆಯಾಗಿತ್ತು. ಗಂಡನಿಗೆ ಅಂಡಮಾನಿನಲ್ಲಿ ಸರ್ಕಾರಿ ಕೆಲಸ. ಮನೆ ಸಿಕ್ಕಿದೆ, ಹೊರಟು ಬಾ ಎಂದು ಅವರು ಮದರಾಸಿನಿಂದ ಹೊರಡುವ ವಿಮಾನದ ಟಿಕೀಟು ಮಾಡಿಸಿ ಕಳಿಸಿದ್ದರು. ಟಿಕೀಟು ಕುಂಕುಮ ಹಚ್ಚಿಸಿಕೊಂಡು ದೇವರ ಗೂಡಿನಲ್ಲಿ ಕೂತಿತ್ತು. ಮಂಗಳಾ ಅಡುಗೆಮನೆಯಲ್ಲಿ ಅಳುತ್ತಾ ಕೂತಿದ್ದಳು.

“ನಾ ಹೋಗಾಕಿಲ್ಲ ಕಣಣ್ಣ. ಅವ್ರೇ ವರ್ಷಕ್ಕೊಂದ್ಸಲ ಬಂದು ಹೋಗ್ಲಿ ಬುಡು.”

“ಹಂಗಾದ್ರೆ ಹಡಗಲ್ಲಿ ಹೋಗ್ತೀಯಾ?”

“ಸಮುದ್ರದ ತಳ ಎಷ್ಟು ಕೆಳಗೈತೋ ಏನೋ! ಅದೂ ಎತ್ತರಾನೇ ಅಲ್ವಾ?”

ಈ ಭಯಕ್ಕೆ ನಾನೇ ಹೊಣೆ. ಅವಳು ಚಿಕ್ಕವಳಿದ್ದಾಗ, ಅಟ್ಟಕ್ಕೆ ತೆಂಗಿನಕಾಯಿ ಏರಿಸುವ ಮಂಕರಿಯಲ್ಲಿ ಅವಳನ್ನು ಕೂರಿಸಿ, ರಾಟೆಯ ಹಗ್ಗ ಎಳೆದು ಅರ್ಧ ಎತ್ತರಕ್ಕೆ ಏರಿಸಿದ್ದೆ. ಅಷ್ಟರಲ್ಲಿ ಬೀದಿಯಲ್ಲಿ ಐಸ್‌ಕ್ಯಾಂಡಿಯವನ ಗಂಟೆ ಕೇಳಿಸಿತು. ಹಗ್ಗವನ್ನು ಕಂಬಕ್ಕೆ ಕಟ್ಟಿ ಓಡಿದೆ. ಕ್ಯಾಂಡಿ ತಿಂದೆ. ಆಮೇಲೆ ಗೋಲಿ ಆಡಿದೆ. ತಂಗಿಯ ನೆನಪಾದದ್ದು ಅವ್ವ ಪೊರಕೆ ಹಿಡಿದು ಬಂದಾಗ! ಅಂದಿನಿಂದ ಮಂಗಳಾ ಜೋಕಾಲಿ ಕೂಡ ಹತ್ತಲಿಲ್ಲ. ಈಗ ಅವಳು ಗಂಡನಿಂದ ದೂರವೇ ಉಳಿದುಬಿಟ್ಟರೆ ಆ ಪಾಪ ಯಾರಿಗೆ?

ಕಟ್ಟುವುದಾದರೆ ವಿಮಾನದಲ್ಲಿ ಪೈಲೆಟ್ ಕೂರುವ ಕೋಣೆಯನ್ನೇ ಕಟ್ಟಬೇಕು ಎಂದು ತೀರ್ಮಾನಿಸಿದೆ. ಇದಕ್ಕೆ ಆಧಾರವಿತ್ತು. ನಮ್ಮೂರು ಹೊನ್ನವಳ್ಳಿಯಿಂದ ತಿಪಟೂರಿಗೆ ಹೋಗುವಾಗ ಮಂಗಳಾಗೆ ಬಸ್ಸಿನಲ್ಲಿ ವಾಂತಿ ಬರುತ್ತಿತ್ತು. ಡ್ರೈವರ್ ಪಕ್ಕದ ಬಾನೆಟ್ ಮೇಲೆ ಕೂರಿಸಿದ ದಿನವೇ ಅದು ನಿಂತುಹೋಯಿತು. ಮುಂದಿನ ದಾರಿ ಕಾಣಬೇಕು, ಸ್ಟೀರಿಂಗ್ ಹಿಡಿದವನ ಕೈ ಕಾಣಬೇಕು. ಆಗ ಯಾವ ಭಯವೂ ಇಲ್ಲ. ಇದು ನನ್ನ ಸ್ವಂತ ಸಂಶೋಧನೆ. ನಾನು ಓದಿದ್ದು ಏಳನೇ ಕ್ಲಾಸು. ಅದೂ ಪೂರ್ತಿ ಅಲ್ಲ.

ತಿಪಟೂರಿನಲ್ಲಿ ಲಾರಿ ರಿಪೇರಿ ಮಾಡುವ ಬಾಷಾ ನನ್ನ ಸ್ನೇಹಿತ. ಯಾವುದೋ ಹಳೇ ವಾರಪತ್ರಿಕೆಯಲ್ಲಿದ್ದ ಪೈಲೆಟ್ ಕೋಣೆಯ ಚಿತ್ರವನ್ನು ಅವನ ಮುಂದೆ ಹಿಡಿದೆ. ಬಾಷಾ ಅದನ್ನು ತಿರುಗಿಸಿ ಮುರುಗಿಸಿ ನೋಡಿದ.

“ಬಸಣ್ಣ, ಇಷ್ಟೊಂದು ಮೀಟ್ರು ಯಾತಕ್ಕೆ? ನಮ್ ಲಾರೀಲಿ ಇರೋದು ನಾಲ್ಕು. ಅದರಲ್ಲಿ ಮೂರು ಕೆಟ್ಟೋಗಿರ್ತವೆ. ಆದ್ರೂ ಮುಂಬಯಿಗೆ ಹೋಗಿ ಬತ್ತದೆ.”

“ನಮ್ಮದರಲ್ಲಿ ಎಲ್ಲಾನೂ ಕೆಟ್ಟಿದ್ರೂ ಪರವಾಗಿಲ್ಲ ಕಣಯ್ಯ. ನೋಡಾಕೆ ಇದ್ರೆ ಸಾಕು.”

ಹಾಗೆಂದ ಮೇಲೆ ಸಾಮಾನಿಗೆ ಬರವೇ? ಬಸ್ಸಿನ ಸ್ಟೀರಿಂಗ್ ಬಂತು. ಲಾರಿಯ ಮುಂದಿನ ಗಾಜು ಬಂತು. ಮೀಟರುಗಳು ಬುಟ್ಟಿ ತುಂಬಾ ಬಂದವು. ಅವೂ ಸಾಲದೆ ಹೋದಾಗ ನಮ್ಮ ಮನೆಯ ನಿಂತುಹೋದ ಗಡಿಯಾರವನ್ನೂ ಹಲಗೆಗೆ ಹೊಡೆದೆ. ಕೊನೆಗೆ ರಬ್ಬರ್ ಬುಗ್ಗೆಯ ಹಾರನ್ ಕೂಡ ಬಂತು.

ನನ್ನ ಹೆಂಡತಿ ಗೌರ ಸೊಂಟದ ಮೇಲೆ ಕೈಯಿಟ್ಟು ನೋಡಿದಳು. “ವಿಮಾನಕ್ಕೆ ಹಾರನ್ ಯಾಕ್ರೀ?”

“ಎದುರಿಗೆ ಹದ್ದು ಬಂದ್ರೆ ಏನ್ ಮಾಡೋದೇ?”

ಅವಳು ಬುಗ್ಗೆಯನ್ನು ಒಮ್ಮೆ ಒತ್ತಿ ನೋಡಿ ಒಳಗೆ ಹೋದಳು. ಅದು ಒಪ್ಪಿಗೆಯಲ್ಲ ಎಂಬುದು ನನಗೆ ಗೊತ್ತಿರಬೇಕಿತ್ತು.

ಇನ್ನು ಜಾಗದ ಪ್ರಶ್ನೆ. ಭಯ ಇರುವುದು ಎತ್ತರದ್ದು. ವಿಮಾನವನ್ನು ಅಂಗಳದಲ್ಲಿ ಕಟ್ಟಿ ಏನು ಪ್ರಯೋಜನ? ಕೊಬ್ಬರಿ ಮನೆಯ ಅಟ್ಟವೇ ಸರಿ ಎಂದು ಹಲಗೆಗಳನ್ನು ಮೇಲಕ್ಕೆ ಸಾಗಿಸಿದೆವು. ಕಾಯಿ ಒಳಗೆ ಸುರಿಯುವ ಕಿಂಡಿಯ ಸುತ್ತಲಿನ ಹಲಗೆ ಕಿತ್ತು ಬಾಗಿಲಿನಷ್ಟು ಅಗಲ ಮಾಡಿದೆವು. ಮುಂದೆ ಬರೀ ಆಕಾಶ, ತೆಂಗಿನ ಗರಿ. ಕೆಳಗೆ ನಮ್ಮ ರಾಗಿ ಹುಲ್ಲಿನ ಮೆದೆ. ಗಾಜಿನ ಹಿಂದೆ ಕೂತರೆ ನನಗೇ ಹಾರುತ್ತಿದ್ದೇನೆ ಅನ್ನಿಸಿತು.

ಆದರೆ ವಿಮಾನ ಅಲುಗಾಡುತ್ತಿರಲಿಲ್ಲ. ಸದ್ದೂ ಇಲ್ಲ. ಸದ್ದಿಲ್ಲದ ವಿಮಾನ ಎಲ್ಲಾದರೂ ಉಂಟೇ? ಆಗ ನನ್ನ ಕಣ್ಣು ಅಟ್ಟದ ಮೇಲಿದ್ದ ಕಾಯಿಗಳ ಮೇಲೆ ಬಿತ್ತು.

ನಮ್ಮ ಕಡೆ ಅಟ್ಟಕ್ಕೆ ಹಾಕಿದ ಕಾಯಿಯನ್ನು ಯಾರೂ ಮುಟ್ಟುವುದಿಲ್ಲ. ತಿಂಗಳುಗಟ್ಟಲೆ ಅದರ ಪಾಡಿಗೆ ಅದು ಇರಬೇಕು. ಒಳಗಿನ ನೀರು ಆರಿ, ಕೊಬ್ಬರಿ ಚಿಪ್ಪು ಬಿಟ್ಟು ಇಡಿಯಾದ ಉಂಡೆಯಾಗಿ ನಿಲ್ಲುತ್ತದೆ. ಆ ಕಾಯಿ ಅಲ್ಲಾಡಿಸಿದರೆ ಒಳಗೆ ಉಂಡೆ ಗಡಗಡ ಅನ್ನುತ್ತದೆ. ಒಂದು ಕಾಯಿ ಅಷ್ಟು ಸದ್ದು ಮಾಡುವುದಾದರೆ, ವಿಮಾನದ ಕೆಳಗೆ ಕಾಯಿಗಳನ್ನೇ ಹಾಸಿಬಿಟ್ಟರೆ? ಅಲುಗಾಟವೂ ಆಯಿತು, ಇಂಜಿನ್ನೂ ಆಯಿತು!

“ಉಂಡೆ ಎಲ್ಲಾ ಒಡೆದು ಚೂರಾಗ್ತವೆ ಕಣ್ರೀ!” ಎಂದಳು ಗೌರ.

“ಸ್ವಲ್ಪ ಅಲ್ಲಾಡಿದ್ರೆ ಏನೂ ಆಗಲ್ಲ ಸುಮ್ಕಿರೇ,” ಎಂದೆ. ಹುಟ್ಟಿದಂದಿನಿಂದ ಕೊಬ್ಬರಿಯ ಮಧ್ಯೆ ಬೆಳೆದ ಮನುಷ್ಯ ಆಡಿದ ಮಾತು ಇದು!

ಮರುದಿನ ಬೆಳಿಗ್ಗೆ ಮಂಗಳಾಳ ಕಣ್ಣಿಗೆ ಟವಲು ಕಟ್ಟಿ, ಗೌರ ಹಿಂದಿನಿಂದ ಹಿಡಿದುಕೊಂಡು, ಏಣಿ ಹತ್ತಿಸಿದೆವು. ಅವಳು ಸೀಟಿನಲ್ಲಿ ಕೂತಳು. ಪಕ್ಕದಲ್ಲಿ ನಾನು ಸ್ಟೀರಿಂಗ್ ಹಿಡಿದೆ. ವಿಮಾನದ ಕೆಳಗೆ ಹಿಂದೆ ಎತ್ತರ, ಮುಂದೆ ತಗ್ಗು ಆಗುವಂತೆ ಕಾಯಿ ಹಾಸಿದ್ದೆವು. ವಿಮಾನಕ್ಕೆ ಕಟ್ಟಿ ಹಿಂದಿನ ಕಂಬಕ್ಕೆ ಸುತ್ತಿದ್ದ ಹಗ್ಗದ ತುದಿ ಬಾಷಾನ ಕೈಯಲ್ಲಿ. ಅವನು ಹಗ್ಗ ಬಿಟ್ಟಾಗ ವಿಮಾನ ಗೇಣುದ್ದ ಮುಂದೆ ಬರಬೇಕು, ಎಳೆದಾಗ ಹಿಂದೆ ಹೋಗಬೇಕು. ಯೋಜನೆ ಅಷ್ಟು ಅಚ್ಚುಕಟ್ಟಾಗಿತ್ತು.

“ಈಗ ಟವಲು ತೆಗಿಯಮ್ಮ. ಭಯ ಬೀಳಬ್ಯಾಡ. ಎಲ್ಲಾ ನನ್ನ ಕೈಯಲ್ಲೇ ಐತೆ.”

ಅವಳು ಒಂದು ಕಣ್ಣು ಮಾತ್ರ ತೆರೆದಳು. ನಾನು ಹಾರನ್ ಹೊಡೆದೆ. “ಬಾಷಾ, ಬುಡು!”

“ಎಷ್ಟು ಬುಡ್ಲಿ ಬಸಣ್ಣ?”

“ನಾನು ಸಾಕು ಅನ್ನೋಗಂಟ ಬುಡು!”

ವಿಮಾನ ಚಲಿಸಿತು. ಕೆಳಗೆ ಕಾಯಿಗಳು ಗಡಗಡ ಗುಡುಗಿದವು. ಇಂಜಿನ್ ಎಂದರೆ ಇಂಜಿನ್! ನಾನು ಸಾಕು ಎಂದೆ. ಸಾಕು ಎಂದು ಕೂಗಿದೆ. ಸಾಕೋ ಬಾಷಾ ಎಂದು ಬೊಬ್ಬೆ ಹೊಡೆದೆ. ನನ್ನ ಇಂಜಿನ್ನಿನ ಸದ್ದಿನಲ್ಲಿ ನನ್ನ ಮಾತು ನನಗೇ ಕೇಳಿಸಲಿಲ್ಲ, ಇನ್ನು ಬಾಷಾಗೆ ಎಲ್ಲಿಂದ ಕೇಳಿಸಬೇಕು? ವಿಮಾನದ ಮೂತಿ ಕಿಂಡಿ ದಾಟಿತು. ಆಕಾಶ ಹತ್ತಿರ ಬಂತು. ತಲೆಯ ಮೇಲೊಂದು ತೊಲೆ ಕಂಡಿತು.

ಇಲ್ಲಿ ನಾನು ನಿಜ ಹೇಳಬೇಕು. ತಂಗಿಯನ್ನು ಹಿಡಿದುಕೊಳ್ಳಬೇಕಿತ್ತು. ನಾನು ತೊಲೆ ಹಿಡಿದುಕೊಂಡೆ!

ವಿಮಾನ ಹಾರಿತು. ಮಂಗಳಾ ಅದರಲ್ಲಿದ್ದಳು. ಪೈಲೆಟ್ ತೊಲೆಗೆ ಜೋತುಬಿದ್ದಿದ್ದ.

ಧಸಕ್ಕನೆ ಸದ್ದಾಯಿತು. ಅದರ ಹಿಂದೆಯೇ ಕಾಯಿಗಳು ದಡದಡ ಉರುಳಿ ಒಂದೊಂದಾಗಿ ಹೊರಗೆ ಬಿದ್ದವು. “ಮಂಗಳಾ!” ಎಂದು ಕೂಗಿದೆ.

ಕೆಳಗಿನಿಂದ ನಗು ಕೇಳಿಸಿತು. ಸಣ್ಣ ನಗುವಲ್ಲ. ಹೊಟ್ಟೆ ಹಿಡಿದುಕೊಂಡು ನಗುವ ನಗು. ಮೆದೆಯ ನಡುವಿನಿಂದ, ತಲೆತುಂಬಾ ರಾಗಿ ಹುಲ್ಲು ಸಿಕ್ಕಿಸಿಕೊಂಡು ಮಂಗಳಾ ಎದ್ದುನಿಂತಳು.

“ಅಣ್ಣ, ಎಲ್ಲಿದ್ದೀಯೋ?”

“ಮೇಲಿದ್ದೀನಮ್ಮ.”

“ಇಳಿಯೋ ಮತ್ತೆ!”

“ಆಗಾಕಿಲ್ಲ ಕಣಮ್ಮ.”

ತೊಲೆ ಹಿಡಿದ ಕೈ ಬಿಡುತ್ತಿರಲಿಲ್ಲ. ಕೆಳಗೆ ಅಟ್ಟಕ್ಕೆ ಹಾಸಿದ ಅಡಿಕೆ ದಬ್ಬೆಗಳ ಸಂದಿಯಲ್ಲಿ ನೆಲ ಬಾವಿಯಂತೆ ಕಾಣುತ್ತಿತ್ತು. ಬಾಷಾ ಬೆರಳು ಬಿಡಿಸಲು ನೋಡಿ ಸೋತ. ಗೌರ ಬೈದು ನೋಡಿ ಸೋತಳು. ಆಗ ಯಾರೂ ಹೇಳದೆ, ಯಾರ ಕೈಯೂ ಹಿಡಿಯದೆ, ಕಣ್ಣಿಗೆ ಟವಲೂ ಕಟ್ಟದೆ ಮಂಗಳಾ ಏಣಿ ಹತ್ತಿ ಬಂದಳು.

“ಕೆಳಗೆ ನೋಡಬ್ಯಾಡ ಕಣಣ್ಣ. ನನ್ನ ಮುಖ ನೋಡು. ಹೂಂ, ಈಗ ಒಂದ್ ಕಾಲಿಡು.”

“ನಿಂಗೆ ಭಯ ಆಗಾಕಿಲ್ವೇ?”

“ವಿಮಾನ ಬಿದ್ರೆ ಏನಾಗುತ್ತೋ ಅಂತ ಭಯ ಇತ್ತು. ಬಿದ್ದಾಯ್ತಲ್ಲ. ಅಂಡಮಾನಿನ ಪೈಲೆಟ್ಟು ನಿನಗಿಂತ ಒಳ್ಳೇವನೇ ಇರ್ತಾನೆ ಬುಡು.”

ಬಾಷಾ ಮುಖ ತಿರುಗಿಸಿಕೊಂಡು ನಕ್ಕ. ಗೌರ ತಿರುಗಿಸಿಕೊಳ್ಳದೆಯೇ ನಕ್ಕಳು.

ಉಂಡೆಗಳು ಚೂರಾಗಿದ್ದವು. ಆ ಮಳೆಗಾಲವಿಡೀ ನಮ್ಮ ಮನೆಯಲ್ಲಿ ಕೊಬ್ಬರಿ ಮಿಠಾಯಿ, ಕೊಬ್ಬರಿ ಚಟ್ನಿಪುಡಿ, ಕೊಬ್ಬರಿ ಹೋಳಿಗೆ. ನೆಂಟರು ನನ್ನನ್ನು ಮನಸಾರೆ ಹೊಗಳಿದರು. ಮಂಗಳಾ ಮದರಾಸಿನಲ್ಲಿ ವಿಮಾನ ಹತ್ತುವಾಗ ನನ್ನತ್ತ ತಿರುಗಿ ಕೈ ಬೀಸಿದಳು. ನಾನು ಕಣ್ಣು ಒರೆಸಿಕೊಂಡೆ. ಅವಳು ಒರೆಸಿಕೊಳ್ಳಲಿಲ್ಲ.

ಈಗ ಅವಳು ಚೆನ್ನಾಗಿದ್ದಾಳೆ. ಅಣ್ಣ ಅತ್ತಿಗೆ ಇಬ್ಬರೂ ಬನ್ನಿ, ವಿಮಾನದ ಟಿಕೀಟು ನಾವೇ ಮಾಡಿಸುತ್ತೇವೆ ಎಂದು ಮೂರು ಸಲ ಕಾಗದ ಬರೆದಳು. ಕಾಯಿ ಕೀಳುವ ಕಾಲ, ಪುರುಸೊತ್ತಿಲ್ಲ ಎಂದು ಬರೆದೆ. ಮೂರು ಸಲವೂ ಅದನ್ನೇ ಬರೆದೆ. ಅವಳ ಉತ್ತರ ಬಂತು: “ಅಣ್ಣ, ಇಲ್ಲೂ ಮನೆ ಸುತ್ತಾ ತೆಂಗಿನ ಮರಗಳೇ ಇವೆ. ಕಾಯಿ ಯಾವಾಗ ಕೀಳ್ತಾರೆ ಅಂತ ನನಗೂ ಗೊತ್ತು.”

ಅಂಡಮಾನಿನಲ್ಲೂ ತೆಂಗು ಬೆಳೆಯುತ್ತದೆ ಎಂದು ಏಳನೇ ಕ್ಲಾಸಿನೊಳಗೆ ಯಾರೂ ನನಗೆ ಹೇಳಿಕೊಟ್ಟಿರಲಿಲ್ಲ!

ನಾನು ಬೇರೆ ನೆಪ ಹುಡುಕುತ್ತಿದ್ದೇನೆ. ಗೌರ ಮಾತ್ರ ಹೊರಟು ನಿಂತಿದ್ದಾಳೆ. ಅವಳಿಗೆ ಕಿಟಕಿ ಪಕ್ಕದ ಸೀಟೇ ಬೇಕಂತೆ!