ಸರ್ಕಾರದ ಜೊತೆ ಮಾತು ಬಿಟ್ಟ ಮಾವ

ನಮ್ಮ ಸೋದರಮಾವನಿಗೂ ಸರ್ಕಾರಕ್ಕೂ ಮಾತು ಬಿಟ್ಟು ಬಹಳ ವರ್ಷಗಳಾಗಿದ್ದವು. ಪಾಪ, ಸರ್ಕಾರಕ್ಕೆ ಅದು ಗೊತ್ತಿರಲಿಲ್ಲ, ಅಷ್ಟೆ!

ಹಂಪಸಾಗರದ ಆಸುಪಾಸಿನ ಹಳ್ಳಿಯಲ್ಲಿ ಮಾವನ ಮನೆ; ನಾನು ಬೆಳೆದದ್ದೂ ಅಲ್ಲೇ. ಅದೇ ಊರಿನ ಸರ್ಕಾರಿ ಶಾಲೆಯಲ್ಲಿ ನಾನು ಮೇಷ್ಟ್ರು. ಹೀಗಾಗಿ ದೆಹಲಿ, ಬೆಂಗಳೂರಿನ ಮೇಲಿನ ಸಿಟ್ಟೆಲ್ಲ ನನ್ನ ಮೇಲೆ ತೀರುತ್ತಿತ್ತು. ಮನುಷ್ಯ ತನ್ನ ಪಾಡಿಗೆ ತಾನು ಬದುಕಬಲ್ಲ, ಅವನ ತಂಟೆಗೆ ಯಾರೂ ಹೋಗಬಾರದು, ಸರ್ಕಾರವಂತೂ ಹೋಗಲೇಬಾರದು ಎಂಬುದು ಅವರ ಸಿದ್ಧಾಂತ. ದಿನವಿಡೀ ಮಗ್ಗಿ ಹೇಳಿಸಿ ಗಂಟಲು ಒಣಗಿಸಿಕೊಂಡು ಬಂದವನಿಗೆ ಸಂಜೆ ಈ ಪಾಠ. ಜನಗಣತಿಗೆ ಹೋಗಿ, ಮನೆಯಲ್ಲಿ ಎಷ್ಟು ಜನ ಎಂದು ಕೇಳಿದರೆ, ಊಟಕ್ಕೆ ಹಾಕುವವರು ಕೇಳಲಿ, ಹೇಳುತ್ತೇನೆ ಎಂದುಬಿಟ್ಟರು. ಅತ್ತೆ ಒಳಗಿನಿಂದ ಲೆಕ್ಕ ಹೇಳಿ ನನ್ನನ್ನು ಉಳಿಸಿದಳು.

ಇಂಥವರು ಗ್ರಾಮ ಪಂಚಾಯ್ತಿ ಚುನಾವಣೆಗೆ ನಿಂತರು! ಅವರ ಆಶ್ವಾಸನೆ ಒಂದೇ: ಗೆದ್ದರೆ ಏನೂ ಮಾಡುವುದಿಲ್ಲ. ಗೆದ್ದೂಬಿಟ್ಟರು. ಇವರಿಗೇಕೆ ವೋಟು ಹಾಕಿದಿರಿ ಎಂದು ಪಕ್ಕದ ಮನೆಯ ಮುದುಕನನ್ನು ಕೇಳಿದೆ.

"ಮಾಡ್ತೀನಿ ಅಂದೋರು ಏನೂ ಮಾಡ್ಲಿಲ್ರಿ. ಇವರು ಹೇಳಿದ್ದನ್ನಾರ ಮಾಡ್ತಾರ."

ಮಾವ ಮಾತಿಗೆ ತಪ್ಪಲಿಲ್ಲ. ಪಂಚಾಯ್ತಿಯ ಉಳಿದವರು ಬೇವಿನ ಕಟ್ಟೆಯ ಮುಂದೆ 'ಇಲ್ಲಿ ಕೂಡಬಾರದು' ಎಂದು ಬೋರ್ಡು ನೆಟ್ಟಾಗ, ನೆರಳಿಗೂ ಪರವಾನಗಿ ಬೇಕೇ ಎಂದು ಬೋರ್ಡಿಗೇ ಒರಗಿ ಕೂತರು. ಬೇಸಿಗೆಯಲ್ಲಿ ಕರೆಂಟು ಹೋದಾಗ ಪಂಚಾಯ್ತಿಯ ಸಭೆಯೇ ಆ ಕಟ್ಟೆಗೆ ಬಂತು. ಆ ಸಂಜೆ ಅವರ ವಿಜಯೋತ್ಸವದ ಭಾಷಣ ಕೇಳಿದವನು ಯಾರು? ನಾನೇ.

ಆಮೇಲೆ ಪೋಲಿಯೋ ಹನಿಯ ಭಾನುವಾರಗಳು ಶುರುವಾದವು. ಮೇಷ್ಟ್ರಿಗೆ ಆ ರಜೆಯೂ ಹೋಯಿತು. ಹಳ್ಳದಾಚೆಯ ಕುರಿಹಟ್ಟಿಯಲ್ಲಿ ಒಬ್ಬ ತಾಯಿ ಕೂಸನ್ನು ಕೊಡಲೊಲ್ಲಳು. ಹನಿ ಕುಡಿದವರಿಗೆ ಮುಂದೆ ಮಕ್ಕಳಾಗುವುದಿಲ್ಲ ಎಂದು ಯಾರೋ ಅವಳ ತಲೆಗೆ ತುಂಬಿದ್ದರು. ನಾವು ಊರಿಗೆ ಮರಳಿದಾಗ, ಪೊಲೀಸರನ್ನು ಕರೆಸೋಣ ಎಂದು ಜೊತೆಗಿದ್ದ ನರ್ಸಮ್ಮ ಹೇಳುತ್ತಿದ್ದುದು ಕಟ್ಟೆಯ ಮೇಲಿದ್ದ ಮಾವನ ಕಿವಿಗೆ ಬಿತ್ತು.

"ಪೊಲೀಸರು ಬ್ಯಾಡ. ನಾನು ಬರ್ತೀನಿ ನಡೀರಿ" ಎಂದು ಎದ್ದರು.

ಮುಗಿಯಿತು ಕಥೆ, ಇನ್ನು ಇಡೀ ಹಟ್ಟಿಯೇ ಬೇಡವೆನ್ನುತ್ತದೆ ಎಂದುಕೊಂಡೆ. ತಡೆಯಲು ನನ್ನಲ್ಲಿ ತ್ರಾಣವಿರಲಿಲ್ಲ. ಚಿಕ್ಕಂದಿನಿಂದ ನನ್ನ ಎಡಗಾಲು ಸೊರಗಿದೆ; ಹೊಲದ ಬದುವಿನ ಮೇಲೆ ಐಸಿನ ಡಬ್ಬಿ ಹೊತ್ತು ನಡೆಯುವುದೇ ಸಾಕುಸಾಕಾಗಿತ್ತು.

ಹಟ್ಟಿಯಲ್ಲಿ ಮಾವ ಆ ತಾಯಿಯ ಎದುರು ನೆಲದ ಮೇಲೆ ಕೂತರು. ಕುರಿ, ಮಳೆ, ಅವಳ ತವರು ಎಲ್ಲ ವಿಚಾರಿಸಿದರು. ಆಮೇಲೆ ನನ್ನ ಪ್ಯಾಂಟನ್ನು ಮೊಳಕಾಲಿನವರೆಗೆ ಮಡಚಿದರು.

"ಕುಡಿಸೋದು ಬಿಡೋದು ನಿನಗ ಸೇರಿದ್ದವ್ವ. ಯಾರೂ ಜುಲುಮಿ ಮಾಡಂಗಿಲ್ಲ. ಆದ್ರ ಈ ಕಾಲು ನೋಡು. ಇಂವ ನಮ್ಮ ಅಂಗಳದಾಗ ಓಡಾಡ್ತಿದ್ದ. ಒಂದು ಜ್ವರ ಬಂತು. ಆವಾಗ ಈ ಹನಿ ನಮ್ಮ ಕಡಿಗೆ ಬಂದಿರ್ಲಿಲ್ಲ. ಬಂದಿದ್ರ, ತಂದೋರ ಕಾಲು ಹಿಡೀತಿದ್ದೆ."

ಆಕೆ ನನ್ನ ಕಾಲನ್ನು ಬಹಳ ಹೊತ್ತು ನೋಡಿದಳು. ಕೊನೆಗೆ ಕೂಸಿನ ಗಲ್ಲ ಒತ್ತಿ ಬಾಯಿ ತೆರೆಸಿದಳು.

ವಾಪಸು ಬರುವಾಗ ಹಳ್ಳದ ದಂಡೆಯಲ್ಲಿ ಮಾವ ಥಟ್ಟನೆ ನನ್ನ ಮುಂದೆ ಕುಕ್ಕರಗಾಲಿನಲ್ಲಿ ಕೂತು ಬೆನ್ನು ಕೊಟ್ಟರು. ನಾನು ಕಲಿಯುವಾಗ ಶಾಲೆ ಹಳ್ಳದಾಚೆಯಿತ್ತು; ದಿನಾ ನನ್ನನ್ನು ಹೊತ್ತು ದಾಟಿಸುತ್ತಿದ್ದವರು ಅವರೇ. ಈಗ ನನಗೆ ತಲೆ ನರೆತಿದೆ, ಅವರಿಗೆ ಸೊಂಟ ಬಾಗಿದೆ.

"ಏಳ್ರಿ ಮಾವ" ಎಂದು ಅವರ ತೋಳು ಹಿಡಿದು ಎಬ್ಬಿಸಿದೆ. ಆ ತೋಳನ್ನು ಬಿಡದೆ ಇಬ್ಬರೂ ನೀರಿಗಿಳಿದೆವು.